ಮುದ್ದೆ ಎಪಿಸೋಡು

4 ಫೆಬ್ರವರಿ 2025, ಮಂಗಳವಾರ. ಸಂಜೆ 6.30

ಲೈಬ್ರರಿಯ ಪೇಪರ್ ಬೈಂಡಿಂಗ್ ಇವತ್ತೂ ಮುಗಿಯಲಿಲ್ಲ. ಜನವರಿಯ ಕಟ್ಟು ಹಾಗೇ ಬಿದ್ದಿದೆ. ದಬ್ಬಳ ತರಲು ಮತ್ತೆ ಮರೆತೆ. ನಾಳೆ ಖಂಡಿತ.

ಮಧ್ಯಾಹ್ನ ಕಾಂಪಿಟೇಟಿವ್ ಪುಸ್ತಕಗಳ ಕಪಾಟಿನ ಹಿಂದೆ ಮೂವರು ಪಿಯುಸಿ ಹುಡುಗಿಯರು. ತಲೆ ಕೆಳಗೆ, ಭುಜ ಕುಣಿಯುತ್ತಿವೆ. ಕೆಎಎಸ್ ಗೈಡ್ ಓದಿ ಭುಜ ಕುಣಿದವರನ್ನು ನಾನು ಕಂಡಿಲ್ಲ. ಬೈಯೋಣವೆಂದು ಎದ್ದು ಹೋದೆ. ಹತ್ತಿರ ಹೋದರೆ ಫೋನಿನೊಳಗಿಂದ ನನ್ನದೇ ದನಿ. "ಲೇ, ಆ ಚೂಡಿದಾರ ಇವತ್ತು ನನ್ ಸರದಿ ಕಣೆ." ಹತ್ತು ವರ್ಷದ ಹಿಂದಿನ ನನ್ನ ದನಿ. ಈಗಿನದಕ್ಕಿಂತ ತೆಳ್ಳಗಿದೆ. ನಾನೂ ಹಾಗೇ ಇದ್ದೆ ಬಿಡಿ.

ಒಬ್ಬಳು ಫೋನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಫೋನು ನೋಡಿದಳು. ಇದು ನೀವಾ ಮೇಡಂ ಎಂದು ಕೇಳಿದಳು. ಲೈಬ್ರರಿಯಲ್ಲಿ ಮಾತಾಡಬಾರದು ಎಂದು ಹೇಳಿ ಬಂದು ಕುರ್ಚಿಯಲ್ಲಿ ಕೂತೆ. ಐದು ನಿಮಿಷ ತಡೆದುಕೊಂಡೆ. ಅಷ್ಟೇ ಆಗಿದ್ದು. ಮತ್ತೆ ಹೋಗಿ ಯಾವ ಎಪಿಸೋಡು ಎಂದು ಕೇಳಿದೆ. ಈಗ ಚೂಡಿದಾರದ್ದು, ಇದಾದ ಮೇಲೆ ಮುದ್ದೆದು ಮೇಡಂ, ಅದನ್ನು ದಿನಾ ನೋಡ್ತೀವಿ ಎಂದರು. ಎಲ್ಲರಿಗೂ ಅದೇ ಬೇಕು.

ಅವರು ಹುಟ್ಟಿ ಏಳೆಂಟು ವರ್ಷ ಆಗಿದ್ದಾಗ ನಾವು ಮೂವರು ಗೆಳತಿಯರು ಆ ಸೀರಿಯಲ್ ಮಾಡಿದ್ದು. ಈಗಲೂ ನೋಡುತ್ತಾರೆ. ಏನು ಕಂಡು ನೋಡುತ್ತಾರೋ. ಮನೆಗೆ ಬಂದು ಅವ್ವನಿಗೆ ಹೇಳಿದೆ. ತಮ್ಮನ ಮದುವೆ ಹತ್ರ ಬಂತು, ನೀನು ಇನ್ನೂ ಆ ನಾಟ್ಕದಲ್ಲೇ ಇರು ಎಂದಳು.

6 ಫೆಬ್ರವರಿ, ಗುರುವಾರ

ಶ್ರೀರಂಗಪಟ್ಟಣದಿಂದ ಫೋನು. ಚೈತ್ರ ಅಂತ, ಅಲ್ಲಿನ ಒಂದು ಕಾಲೇಜಿನಲ್ಲಿ ಕನ್ನಡ ಲೆಕ್ಚರರ್. ಮಾರ್ಚ್ ಎಂಟು ಮಹಿಳಾ ದಿನ. ನಿಮ್ಮ 'ಮೇಲ್ಗಡೆ ರೂಮು' ಸೀರಿಯಲ್ಲಿಗೆ ಹತ್ತು ವರ್ಷ ಆಯಿತಲ್ಲ ಮೇಡಂ, ಮೂವರೂ ಬರಬೇಕು, ಹುಡುಗಿಯರಿಗೆ ಡೈಲಾಗೆಲ್ಲ ಬಾಯಿಪಾಠ ಎಂದರು. ಮುದ್ದೆ ಸೀನನ್ನು ಸ್ಟೇಜಿನ ಮೇಲೆ ಮಾಡಿ ತೋರಿಸಬೇಕಂತೆ.

ನಾನು ಕ್ಯಾಲೆಂಡರ್ ನೋಡಿ ಹೇಳ್ತೀನಿ ಎಂದೆ. ಕ್ಯಾಲೆಂಡರಿನಲ್ಲಿ ಏನಿದೆ, ಮಣ್ಣು. ಆದರೂ ಹಾಗೆ ಹೇಳುವಾಗ ಒಂಥರಾ ಚೆನ್ನಾಗಿತ್ತು.

ಕೊನೆಗೆ ಚೈತ್ರ ಹೇಳಿದರು — ಆ ಕಥೆ ನಿಮ್ಮ ಸ್ವಂತ ಅನುಭವ ಅಂತ ಇಂಟರ್‌ವ್ಯೂನಲ್ಲಿ ಹೇಳಿದ್ರಲ್ಲ ಮೇಡಂ, ಅದನ್ನು ನಮ್ಮ ಹುಡುಗಿಯರಿಗೆ ನೀವೇ ಹೇಳಬೇಕು.

ಹೂಂ ಎಂದೆ. ಇವತ್ತಿಗೆ ಇಷ್ಟು ಸಾಕು.

7 ಫೆಬ್ರವರಿ, ಶುಕ್ರವಾರ

ಫಿರ್ದೋಸ್‌ಗೆ ಫೋನು ಮಾಡಿದೆ. ಶ್ರೀರಂಗಪಟ್ಟಣದಲ್ಲೇ ಅವಳ ಟೈಲರಿಂಗ್ ಅಂಗಡಿ, ಕಾಲೇಜಿಗೆ ನಡೆದು ಹೋಗುವಷ್ಟು ದೂರ. ಮಾತಿನ ನಡುವೆ ಮಿಷನ್ ನಿಲ್ಲಲೇ ಇಲ್ಲ. ಬರ್ತೀನಿ, ಆದ್ರೆ ಆ ಹಳದಿ ಚೂಡಿದಾರ ಮಾತ್ರ ಈಗ ನನ್ನ ಒಂದು ತೋಳಿಗೂ ಆಗಲ್ಲ ಎಂದಳು. ನಕ್ಕೂ ನಕ್ಕೂ ಸಾಕಾಯಿತು.

ಆ ಚೂಡಿದಾರ! ಮೂವರಿಗೂ ಇದ್ದಿದ್ದು ಅದೊಂದೇ ಒಳ್ಳೆಯದು. ಕೆಲಸದ ಇಂಟರ್‌ವ್ಯೂ ಯಾರಿಗೋ ಅವರಿಗೆ ಅದು. ಸ್ನೇಹ ಸಣ್ಣಗೆ, ಫಿರ್ದೋಸ್ ದಪ್ಪ, ನಾನು ಉದ್ದ. ಪಿನ್ನು ಹಾಕುವುದು, ಪಿನ್ನು ಬಿಚ್ಚುವುದು. ನಿಜವಾಗಿಯೂ ಹಾಗೇ ಇದ್ದೆವು, ಅದನ್ನೇ ಬರೆದೆ. ಪಾಂಡವಪುರದಲ್ಲಿ ಒಂದು ಆಲೆಮನೆಯ ಪಕ್ಕ, ಮಹಡಿಯ ಮೇಲೆ ಒಂದೇ ರೂಮು. ಕೆಳಗೆ ಕಬ್ಬು ಅರೆಯುವ ಗಾಣ ಬೆಳಗಿನಿಂದ ಗರಗರ ಎನ್ನುತ್ತಿತ್ತು. ಕರೆಂಟು ಹೋದರೆ ಗಾಣ ನಿಲ್ಲುತ್ತಿತ್ತು. ಊರಲ್ಲಿ ಎಲ್ಲರ ಕೆಲಸ ನಿಂತಾಗ ನಮ್ಮ ಶೂಟಿಂಗ್ ಶುರು. ಮದುವೆ ವಿಡಿಯೋ ತೆಗೆಯುವ ಲೋಕೇಶ ಕ್ಯಾಮೆರಾ ಬ್ಯಾಟರಿ ಚಾರ್ಜ್ ಮಾಡಿಟ್ಟುಕೊಂಡು ಕೆಇಬಿಯವರು ಕರೆಂಟು ತೆಗೆಯಲಿ ದೇವರೇ ಎಂದು ಕಾಯುತ್ತಿದ್ದ. ಸೀನಿನ ಮಧ್ಯೆ ಕರೆಂಟು ಬಂದರೆ ಮೂವರೂ ಒಟ್ಟಿಗೆ ಥೂ ಎನ್ನುತ್ತಿದ್ದೆವು. ಎಷ್ಟೋ ಎಪಿಸೋಡು ಆ 'ಥೂ'ನಲ್ಲೇ ಮುಗಿದಿವೆ. ಅದೇ ಸ್ಟೈಲು ಎಂದುಕೊಂಡರು ಜನ.

ಇಪ್ಪತ್ತಾರು ಎಪಿಸೋಡು. ಮೊದಲು ಲೋಕಲ್ ಕೇಬಲ್ಲಿನಲ್ಲಿ ಬಂತು, ಆಮೇಲೆ ಲೋಕೇಶ ಯೂಟ್ಯೂಬಿಗೆ ಹಾಕಿದ. ಕೊನೆಯವರೆಗೂ ಆ ಮೂವರಿಗೆ ಕೆಲಸ ಸಿಗುವುದಿಲ್ಲ. ಮದುವೆಯೂ ಇಲ್ಲ. ಹೀರೋ ಇಲ್ಲವೇ ಇಲ್ಲ. ಇದನ್ನು ಯಾರು ನೋಡ್ತಾರೆ ಎಂದು ಕೇಬಲ್‌ನವನೇ ಕೇಳಿದ್ದ.

ಸ್ನೇಹಳಿಗೆ ಮೂರು ಸಲ ರಿಂಗ್ ಮಾಡಿದೆ. ಎತ್ತಲಿಲ್ಲ. ನಾಗಮಂಗಲದಲ್ಲಿ ಸ್ಟಾಫ್ ನರ್ಸ್ ಅವಳು, ಡ್ಯೂಟಿಯಲ್ಲಿರಬೇಕು.

11 ಫೆಬ್ರವರಿ, ಮಂಗಳವಾರ

ಸ್ನೇಹ ಎತ್ತಿಲ್ಲ. ಮೆಸೇಜಿಗೆ ನೀಲಿ ಟಿಕ್ ಬಿದ್ದಿದೆ.

13 ಫೆಬ್ರವರಿ, ಗುರುವಾರ

"ನೋಡ್ತೀನಿ. ಡ್ಯೂಟಿ ಇದೆ." — ಅಷ್ಟೇ ಬಂದಿದೆ. 'ಕಣೆ' ಎಂದಿಲ್ಲ, 'ರಂಜು' ಎಂದು ಕರೆದಿಲ್ಲ. ಯಾರೋ ರೋಗಿಯ ಕಡೆಯವರಿಗೆ ಬರೆದಂತಿದೆ.

ಯಾಕೆ ಅಂತ ನನಗೆ ಗೊತ್ತು. ಗೊತ್ತಿಲ್ಲದವಳ ಹಾಗೆ ಇಲ್ಲೂ ಬರೆದುಕೊಂಡು ಹೋಗುತ್ತಿದ್ದೇನೆ. ಯಾರೂ ಓದದ ಪುಸ್ತಕದಲ್ಲಿ ಯಾರಿಗೆ ಈ ನಾಟಕ?

ಮುದ್ದೆ ಎಪಿಸೋಡು ಹನ್ನೊಂದನೆಯದು. ಹುಡುಗಿಗೆ ಎರಡು ದಿನದಿಂದ ಊಟವಿಲ್ಲ. ಒಂದು ಚೌಲ್ಟ್ರಿಯಲ್ಲಿ ಬೀಗರೂಟ ನಡೆಯುತ್ತಿದೆ. ಸುಮ್ಮನೆ ಒಳಗೆ ನುಗ್ಗುತ್ತಾಳೆ. ಬಾಗಿಲಲ್ಲಿ ಯಾರ ಕಡೆಯವರು ಎಂದು ಕೇಳುತ್ತಾರೆ. ಗಾಬರಿಯಲ್ಲಿ 'ಗಂಡಿನ ಕಡೆ' ಎಂದುಬಿಡುತ್ತಾಳೆ. ಆವತ್ತು ಊಟ ಹಾಕಿಸುತ್ತಿರುವವರೇ ಗಂಡಿನ ಕಡೆಯವರು. ಬೀಗರು ಎಂದರೆ ಹೆಣ್ಣಿನ ಕಡೆಯವರು, ಅವರು ಕೂತು ಉಣ್ಣಬೇಕು, ಗಂಡಿನ ಕಡೆಯವರು ನಿಂತು ಬಡಿಸಬೇಕು. ಹೆಣ್ಣಿನ ಕಡೆ ಅಂದಿದ್ದರೆ ನೇರ ಎಲೆಯ ಮುಂದೆ. ಇವಳ ಕೈಗೆ ಮುದ್ದೆ ಬೇಸಿನ್ನು ಕೊಟ್ಟು, ನಿಂತ್ಕಂಡಿದ್ದೀಯಲ್ಲ ನಡಿಯವ್ವ, ಬೀಗರಿಗೆ ಬಡ್ಸು ಎನ್ನುತ್ತಾರೆ. ಮೂರು ಪಂಕ್ತಿ ಬಡಿಸುತ್ತಾಳೆ. ಪ್ರತಿ ಎಲೆಯ ಮುದ್ದೆಯನ್ನೂ ನೋಡುತ್ತಾ ಸ್ನೇಹ ಮಾಡುವ ಮುಖ — ಅದಕ್ಕೇ ಜನ ಬಿದ್ದು ಬಿದ್ದು ನಗುವುದು. ಕೊನೆಗೆ ಒಬ್ಬ ಅಜ್ಜಿ ಕೈ ಹಿಡಿದು ಕೂರಿಸಿ ಎಲೆ ಹಾಕಿಸುತ್ತಾಳೆ. ಹುಡುಗಿ ಉಣ್ಣುತ್ತಾಳೆ.

ಲೋಕೇಶ ವಿಡಿಯೋ ತೆಗೆಯಲು ಹೋಗಿದ್ದ ನಿಜವಾದ ಬೀಗರೂಟದಲ್ಲೇ, ಮನೆಯವರನ್ನು ಕೇಳಿಕೊಂಡು ಅದನ್ನು ತೆಗೆದದ್ದು. ಅವನು ಕಟ್ ಎಂದ ಮೇಲೂ ಸ್ನೇಹ ಏಳಲಿಲ್ಲ. ಉಣ್ಣುತ್ತಲೇ ಇದ್ದಳು. ನಾನೂ ಫಿರ್ದೋಸೂ ಹೊಟ್ಟೆ ಹಿಡಿದು ನಕ್ಕೆವು. ಆ ತುಂಡನ್ನೂ ಹಾಗೇ ಇಟ್ಟೆವು.

ಅದು ನಡೆದದ್ದು ಸ್ನೇಹಳಿಗೆ. ನನಗಲ್ಲ. ಆಲೆಮನೆ ರೂಮಿನಲ್ಲಿ ಒಂದು ಭಾನುವಾರ ನನ್ನ ತಲೆಗೆ ಎಣ್ಣೆ ಹಚ್ಚುತ್ತಾ ಹೇಳಿದ್ದಳು. ಹಿಂದೆ ಕೂತಿದ್ದರಿಂದ ಅವಳ ಮುಖ ನನಗೆ ಕಾಣಲಿಲ್ಲ. ಮೂರು ವರ್ಷದ ಹಿಂದೆ ಯೂಟ್ಯೂಬಿನವನೊಬ್ಬ ಬಂದು ಮೈಕು ಹಿಡಿದು, ಮೇಡಂ ಇಷ್ಟು ನ್ಯಾಚುರಲ್ ಆಗಿ ಹೇಗೆ ಬರೆದ್ರಿ ಎಂದ. ನನ್ನದೇ ಅನುಭವ ಎಂದೆ. ಬಾಯಿಗೆ ಬಂತು, ಹೇಳಿದೆ. ಕಣ್ಣಲ್ಲಿ ನೀರು ಬೇರೆ ತಂದುಕೊಂಡೆ. ಥೂ ನನ್ನ.

ನಾನು ಒಂದು ಹೊತ್ತೂ ಉಪವಾಸ ಬಿದ್ದವಳಲ್ಲ. ಅವ್ವ ಇದ್ದಳಲ್ಲ.

20 ಫೆಬ್ರವರಿ, ಗುರುವಾರ

ಚೈತ್ರ ಇನ್ವಿಟೇಷನ್ ಕಳಿಸಿದ್ದಾರೆ. ಮೂವರ ಹಳೆಯ ಫೋಟೋ. ಕೆಳಗೆ: 'ತಮ್ಮ ಹಸಿವನ್ನು ನಗುವಾಗಿಸಿದ ರಂಜಿತ ಅವರೊಂದಿಗೆ ಸಂವಾದ'.

ಅವ್ವ ಕನ್ನಡಕ ಹಾಕಿಕೊಂಡು ಓದಿದಳು. ಎರಡು ಸಲ ಓದಿದಳು. ನಿಂಗ್ಯಾವಾಗ ಹಸಿವಾಗಿತ್ತವ್ವ ಎಂದು ಕೇಳಿದಳು. ಕೋಪದಲ್ಲಿ ಕೇಳಲಿಲ್ಲ. ನಿಜವಾಗಿಯೂ ಗೊತ್ತಿರಲಿಲ್ಲವಲ್ಲ ತನಗೆ ಎಂಬ ಹಾಗೆ ಕೇಳಿದಳು. ನನಗೆ ಮೈಯೆಲ್ಲ ಹಿಡಿಯಾಯಿತು. ಕುಕ್ಕರ್ ಕೂಗಿತು ಎಂದು ಎದ್ದು ಹೋದೆ. ಕುಕ್ಕರ್ ಇಟ್ಟೇ ಇರಲಿಲ್ಲ.

ಸೋಮವಾರ ಲೈಬ್ರರಿಗೆ ರಜ. ನಾಗಮಂಗಲಕ್ಕೆ ಹೋಗುತ್ತೇನೆ. ಫೋನು ಮಾಡದೆ ಹೋಗುತ್ತೇನೆ.

24 ಫೆಬ್ರವರಿ, ಸೋಮವಾರ. ರಾತ್ರಿ 8

ಎಲ್ಲ ಬರೆದುಬಿಡಬೇಕು. ನಾಳೆಗೆ ಬಿಟ್ಟರೆ ನನಗೆ ಬೇಕಾದ ಹಾಗೆ ತಿದ್ದಿಕೊಳ್ಳುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು.

ಕೆ.ಆರ್.ಪೇಟೆಯಲ್ಲಿ ಬಸ್ಸು ಹತ್ತಿದಾಗ ಏನೇನೋ ಮಾತು ಜೋಡಿಸಿಕೊಂಡಿದ್ದೆ. ಆಸ್ಪತ್ರೆಯ ಬಾಗಿಲಲ್ಲೇ ಎಲ್ಲ ಹಾರಿಹೋಯಿತು. ಸ್ನೇಹ ಸಿಸ್ಟರ್ ಎಲ್ಲಿ ಎಂದು ಕೇಳಿದ್ದಕ್ಕೆ ಬಾಣಂತಿಯ ಪಕ್ಕ ಕೂತಿದ್ದ ಒಬ್ಬ ಹೆಂಗಸು, ಯಾರು, ಮುದ್ದೆ ಸಿಸ್ಟರಾ ಎಂದಳು. ಪ್ರೀತಿಯಿಂದಲೇ ಹೇಳಿದಳು. ವಾರ್ಡಿನವರೆಲ್ಲ ನಕ್ಕರು. ಆಗ ಸ್ನೇಹ ಟ್ರೇ ಹಿಡಿದು ಬಂದಳು. ಅವಳೂ ನಗುತ್ತಿದ್ದಳು. ನನ್ನನ್ನು ಕಂಡ ಮೇಲೆ ನಗು ನಿಂತಿತು.

ಎರಡು ಗಂಟೆಗೆ ಅವಳ ಡ್ಯೂಟಿ ಮುಗಿಯಿತು. ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಕೂತೆವು. ಅವಳು ಇಡ್ಲಿ ತರಿಸಿದಳು. ನಾನು ಏನೂ ಬೇಡ ಎಂದೆ. ತಿನ್ನೆ, ಹಸ್ಕಂಡ್ ಮಾತಾಡ್ಬಾರ್ದು ಎಂದಳು. ಬೇಕೆಂದೇ ಹೇಳಿದಳೋ ಏನೋ.

ಮುದ್ದೆ ಸಿಸ್ಟರ್ ಅಂತಾರಲ್ಲ, ಅದಕ್ಕೆ ಬೇಜಾರಾ ಎಂದು ಕೇಳಿದೆ. ಇಲ್ಲ ಎಂದಳು. ಹೆರಿಗೆ ನೋವಿನಲ್ಲಿ ಕಿರುಚುವವಳು ಕೂಡ ಅವಳನ್ನು ಕಂಡರೆ ಒಂದು ಗಳಿಗೆ ನಗುತ್ತಾಳಂತೆ. ಅದು ಇರಲಿ ಬಿಡು ಎಂದಳು. ಲೋಟದ ನೀರಿನಲ್ಲಿ ಬೆರಳು ಅದ್ದಿ ಟೇಬಲ್ಲಿನ ಮೇಲೆ ಗೆರೆ ಎಳೆಯುತ್ತಾ ಕೂತಳು. ಆಲೆಮನೆ ರೂಮಿನಲ್ಲೂ ಹೀಗೇ ಮಾಡುತ್ತಿದ್ದಳು.

"ಆ ಸೀನ್ ಮಾಡಕ್ಕೆ ನಾನ್ಯಾಕೆ ಒಪ್ಕಂಡೆ, ಗೊತ್ತಾ ನಿಂಗೆ?"

ಗೊತ್ತಿಲ್ಲ ಎಂದೆ. ಕೇಳಿಯೇ ಇರಲಿಲ್ಲ ನಾನು. ಬರೆದು ಕೈಗೆ ಕೊಟ್ಟಿದ್ದೆ, ಅಷ್ಟೆ.

"ಅದ್ರಲ್ಲಿ ನಂಗೆ ಎಲೆ ಹಾಕಿ ಉಣ್ಣುಸ್ತಾರಲ್ಲ, ಅದಕ್ಕೆ. ನಿಜದಲ್ಲಿ ನಾನು ಉಣ್ನಿಲ್ಲ ಕಣೆ."

ಪೂರ್ತಿ ಕಥೆ ಇವತ್ತು ಹೇಳಿದಳು. ಬೇಸಿಗೆ ರಜಕ್ಕೆ ಹಾಸ್ಟೆಲ್ ಮೆಸ್ ಮುಚ್ಚಿತ್ತು. ಅಮ್ಮ ತೀರಿಕೊಂಡ ಮೇಲೆ ಹೋಗಲು ಊರು ಎಂಬುದು ಇರಲಿಲ್ಲ. ಎರಡು ದಿನ ಬಿಸ್ಕತ್ತು, ನಲ್ಲಿ ನೀರು. ಚೌಲ್ಟ್ರಿ, ಬಾಗಿಲು, ಗಂಡಿನ ಕಡೆ, ಬೇಸಿನ್ನು, ಮೂರು ಪಂಕ್ತಿ — ಅಲ್ಲಿವರೆಗೆ ನಾನು ಬರೆದದ್ದು ಸರಿ. ಬಡಿಸಿದವರ ಪಂಕ್ತಿ ಕೊನೆಯದು. ಇವಳೂ ಎಲೆಯ ಮುಂದೆ ಕೂತಳಂತೆ. ಎಲೆಗೆ ನೀರು ಚಿಮುಕಿಸುವಾಗ ಒಬ್ಬ ಯಜಮಾನರು ಬಂದು, ಚೆನ್ನಾಗಿ ಬಡ್ಸಿದೆ ಕಣವ್ವ, ಯಾರ ಮಗಳು ನೀನು ಎಂದು ಕೇಳಿದರು. ಒಳ್ಳೆಯ ಮಾತಿಗೇ ಕೇಳಿದ್ದು. ಇವಳಿಗೆ ಹೇಳಲು ಹೆಸರಿರಲಿಲ್ಲ. ಕೈ ತೊಳೆದು ಬರ್ತೀನಿ ಎಂದು ಎದ್ದವಳು ಹಾಗೇ ರಸ್ತೆಗೆ ಬಂದಳು. ಊಟಕ್ಕೆ ಮುಂಚೆ ಕೈ ತೊಳೆದು ಬಂದಳು.

ನನಗೆ ಈ ಭಾಗವನ್ನು ಅವಳು ಎಣ್ಣೆ ಹಚ್ಚುವಾಗ ಹೇಳಿದ್ದಳಾ? ಹೇಳಿದ್ದಳಂತೆ. ನಾನು ಅದನ್ನು ಬದಲಾಯಿಸಿ ಅಜ್ಜಿಯನ್ನು ತಂದೆ. ಕಾಮಿಡಿಗೆ ಕೊನೆಯಲ್ಲಿ ಖುಷಿ ಇರಬೇಕು ಎಂದು. ಮಾಡಿದ್ದೇ ಒಳ್ಳೆದಾಯ್ತು ಬುಡು ಎಂದಳು ಸ್ನೇಹ. ಹತ್ತು ವರ್ಷ ಕಳೆದರೂ ಜನ ಯಾಕೆ ನೋಡುತ್ತಾರೆ ಎಂದು ನಾನು ಯಾವಾಗಲೂ ತಲೆ ಕೆಡಿಸಿಕೊಳ್ಳುತ್ತಿದ್ದೆನಲ್ಲ, ಅವಳು ಇಡ್ಲಿ ಮುರಿಯುತ್ತಾ ಒಂದು ಮಾತಿನಲ್ಲಿ ಮುಗಿಸಿದಳು. "ಕೊನೇಗೆ ಆ ಹುಡ್ಗಿಗೆ ಎಲೆ ಬೀಳ್ತದೆ. ಬೀಳ್ತದೆ ಅಂತ ಗೊತ್ತಿದ್ರೂವೆ ನೋಡ್ತಾರೆ. ನಾನೂ ನೋಡ್ತೀನಿ."

ಹಾಗಾದರೆ ಸಿಟ್ಟು ಯಾತಕ್ಕೆ ಎಂದು ಕೇಳಲಿಲ್ಲ. ಅವಳೇ ಹೇಳಿದಳು. ದನಿ ಏರಿಸದೆ, ಬ್ಯಾಂಡೇಜ್ ಬಿಚ್ಚುವವಳ ಹಾಗೆ ಮೆಲ್ಲಗೆ.

"ಬಡ್ಸಿದ್ದು ನಾನು, ಎದ್ದು ಬಂದಿದ್ದು ನಾನು. ನೀನು ಮೈಕ್ ಮುಂದೆ ಕುಂತು ನಂದು ಅಂದ್ಬುಟ್ಟೆ. ಚೂಡಿದಾರ ಮೂರ್ ಜನದ್ದು, ಆಯ್ತು. ನನ್ ಹಸಿವ್ನೂ ನೀನೇ ಇಟ್ಕಂಡೆ ಕಣೆ ರಂಜು."

ತಪ್ಪಾಯಿತು ಎಂದೆ. ಅಳು ಬಂತು. ಅಳ್ಬ್ಯಾಡ, ಇಂಟರ್‌ವ್ಯೂಲೂ ಅತ್ತಿದ್ದೆ ನೀನು ಎಂದಳು. ಅಳು ಅಲ್ಲೇ ಇಂಗಿಹೋಯಿತು.

ಏನು ಮಾಡಲಿ ಹೇಳು ಎಂದೆ. ಎಪಿಸೋಡು ಡಿಲೀಟ್ ಮಾಡಿಸಲಾ? ಬೇಡ ಎಂದಳು. ಸ್ಟೇಜಿನ ಮೇಲೆ ಸ್ನೇಹಳದ್ದು ಎಂದು ಹೇಳಲಾ? ಅದೂ ಬೇಡ. ಮದುವೆ ಮಾಡಿಕೊಂಡ ಮನೆಯಲ್ಲಿ ಗೊತ್ತಿಲ್ಲ, ಗೊತ್ತಾಗೋದೂ ಬೇಡ, ಅಯ್ಯೋ ಪಾಪ ಅನ್ನಿಸಿಕೊಂಡು ಇಂಜೆಕ್ಷನ್ ಕೊಡಕ್ಕಾಗಲ್ಲ ಎಂದಳು.

"ನನ್ ಹೆಸ್ರು ಯೋಳ್ಬ್ಯಾಡ. ನಿಂದು ಅಂತನೂ ಯೋಳ್ಬ್ಯಾಡ. ಅಷ್ಟೇಯ."

ಬಿಲ್ಲು ಅವಳೇ ಕೊಟ್ಟಳು. ಬಸ್ಸಿನವರೆಗೆ ಬರಲಿಲ್ಲ.

25 ಫೆಬ್ರವರಿ, ಮಂಗಳವಾರ

ಅಷ್ಟೇಯ ಅಂತೆ. ಎಷ್ಟು ಸಲೀಸು. ಇನ್ನೂರು ಹುಡುಗಿಯರ ಮುಂದೆ ನಿಂತು ನಾನು ಸುಳ್ಳಿ ಎಂದು ಹೇಳಬೇಕು. ಯಾರದು ಎಂದು ಕೇಳಿದರೆ ಬಾಯಿ ಮುಚ್ಚಿಕೊಂಡಿರಬೇಕು.

ಹುಷಾರಿಲ್ಲ ಎಂದು ಹೋಗದೆ ಇರಬಹುದು. ಜ್ವರ, ನೆಗಡಿ, ತಮ್ಮನ ಮದುವೆ ಕೆಲಸ. ನೂರು ನೆಪ ಇದೆ. ಹೋಗದಿದ್ದರೆ ಸುಳ್ಳು ಸುಳ್ಳಾಗಿಯೇ ಇರುತ್ತದೆ, ನನ್ನ ಮರ್ಯಾದೆಯೂ ಇರುತ್ತದೆ. ಸ್ನೇಹ ಮಾತ್ರ ಇರುವುದಿಲ್ಲ.

ಮೂವತ್ತೈದು ವರ್ಷಕ್ಕೆ ನನ್ನದು ಎಂದು ಹೇಳಿಕೊಳ್ಳಲು ಇರುವುದು ಅದೊಂದೇ. ಮದುವೆ ಇಲ್ಲ, ಪರ್ಮನೆಂಟ್ ಕೆಲಸ ಇಲ್ಲ. ನೆಂಟರ ಮನೆಗೆ ಹೋದರೆ, ಇವಳೇ ಆ ಮುದ್ದೆ ಎಪಿಸೋಡು ಬರೆದವಳು ಎನ್ನುತ್ತಾರೆ. ಅದಕ್ಕೇ ಒಂದು ಲೋಟ ಕಾಫಿ ಜಾಸ್ತಿ ಸಕ್ಕರೆ ಹಾಕಿ ಕೊಡುತ್ತಾರೆ. ಈ ಮಾತು ಬರೆಯಲು ನಾಚಿಕೆಯಾಗುತ್ತಿದೆ. ಇರಲಿ.

ದಬ್ಬಳ ತಂದೆ. ಜನವರಿ ಬೈಂಡಿಂಗ್ ಮುಗಿಯಿತು.

5 ಮಾರ್ಚ್, ಬುಧವಾರ

ಸ್ಟೇಜಿನ ಮೇಲೆ ಸೀನು ಮಾಡುವುದಿಲ್ಲ ಎಂದು ಚೈತ್ರಗೆ ಹೇಳಿದೆ. ಸ್ನೇಹ ಬರುವುದಿಲ್ಲ ಎಂದೂ ಹೇಳಿದೆ. ಅವರಿಗೆ ಬೇಜಾರು. ಸರಿ, ಕ್ಲಿಪ್ಪಾದರೂ ಹಾಕ್ತೀವಿ ಎಂದರು. ಸಂವಾದ ಇರಲಿ ಎಂದೆ.

8 ಮಾರ್ಚ್, ಶನಿವಾರ. ಸಂಜೆ 7

ಹೋಗಿ ಬಂದೆ.

ದೊಡ್ಡ ಹಾಲ್. ದೊಡ್ಡ ಸ್ಕ್ರೀನು. ಫಿರ್ದೋಸ್ ಹೊಸ ಬುರ್ಖಾ ಹಾಕಿ ಬಂದಿದ್ದಳು, ಹುಡುಗಿಯರು ಅವಳ ಸುತ್ತ ಮುತ್ತಿಕೊಂಡು ಸೆಲ್ಫಿ ತೆಗೆದರು. ಕ್ಲಿಪ್ಪು ಹಾಕಿದರು. ಸ್ನೇಹ ಬಾಗಿಲಲ್ಲಿ ನಿಂತಳು. "ಗಂಡಿನ ಕಡೆ" — ಇಡೀ ಹಾಲ್ ಅವಳ ಜೊತೆ ಒಟ್ಟಿಗೆ ಹೇಳಿತು. ನಗುವೋ ನಗು. ನನಗೆ ಮೊದಲ ಸಲ ನಗಲು ಆಗಲಿಲ್ಲ. ಲೋಕೇಶ ಕಟ್ ಎಂದ ಮೇಲೂ ಅವಳು ಉಣ್ಣುತ್ತಿರುವುದು ಬಂತು. ತಲೆ ಎತ್ತದೆ ಉಣ್ಣುತ್ತಾಳೆ. ಅಲ್ಲಿ ನಟನೆ ಎಲ್ಲಿದೆ? ಇಷ್ಟು ವರ್ಷ ಹೇಗೆ ಕಾಣಲಿಲ್ಲ ನನಗೆ?

ಲೈಟು ಹಾಕಿದರು. ಮುಂದಿನ ಸಾಲಿನ ಒಬ್ಬಳು, ಎರಡು ಜಡೆ, ಎದ್ದು ನಿಂತು ಕೇಳಿದಳು: "ಮೇಡಂ, ಆವತ್ತು ನಿಮ್ಗೆ ನಿಜವಾಗ್ಲೂ ಎಷ್ಟು ಹಸಿವಾಗಿತ್ತು?"

ಇನ್ನೇನು ಬೇಕಾದರೂ ಕೇಳಬಹುದಿತ್ತು. ಇದನ್ನೇ ಕೇಳಿದಳು.

"ನಂಗೆ ಹಸಿವಾಗಿರಲಿಲ್ಲ" ಎಂದೆ. "ಅದು ನನಗೆ ಆದದ್ದಲ್ಲ. ಇಂಟರ್‌ವ್ಯೂನಲ್ಲಿ ನಾನು ಹೇಳಿದ್ದು ಸುಳ್ಳು."

ಹಾಗಾದರೆ ಯಾರದು ಮೇಡಂ ಎಂದು ಹಿಂದಿನಿಂದ ಒಬ್ಬಳು ಕೇಳಿದಳು. ಅದನ್ನು ಹೇಳಲು ನನಗೆ ಹಕ್ಕಿಲ್ಲ ಎಂದೆ. ಬೇರೆಯವರ ಕಥೆಯನ್ನು ನನ್ನದು ಎಂದು ಹೇಳಿ ಮೂರು ವರ್ಷ ಹೆಸರು ತಗೊಂಡೆ, ಅವರನ್ನು ಕೇಳಲಿಲ್ಲ, ನೀವು ಹಾಗೆ ಮಾಡಬೇಡಿ ಎಂದೆ. ಮೈಕು ಗುರ್ ಎಂದಿತು. ಚೈತ್ರ ಅವರ ಮುಖ ಸುಣ್ಣದ ಹಾಗಾಗಿತ್ತು. ಪಾಪ, ಅವರದೇನು ತಪ್ಪು.

ಫಿರ್ದೋಸ್ ನನ್ನ ಕೈಯಿಂದ ಮೈಕು ಇಸಕೊಂಡಳು. ಹಳದಿ ಚೂಡಿದಾರದ ಕಥೆ ತೆಗೆದಳು. ಮೆಲ್ಲಗೆ ಒಬ್ಬೊಬ್ಬರೇ ನಕ್ಕರು. ನನ್ನ ಕಡೆ ಯಾರೂ ನೋಡಲಿಲ್ಲ. ಶಾಲು, ಹಾರ ಕೊಟ್ಟರು. ಫೋಟೋ ತೆಗೆದರು. ಎರಡು ಜಡೆಯವಳು ಮಾತ್ರ ಹತ್ತಿರ ಬಂದು, ಆ ಹುಡುಗಿಗೆ ನಿಜವಾಗ್ಲೂ ಊಟ ಸಿಕ್ತಾ ಮೇಡಂ ಎಂದು ಕೇಳಿದಳು. ತಲೆ ಸವರಿ ಬಂದೆ.

ಬಸ್ ಸ್ಟ್ಯಾಂಡಿಗೆ ಆಟೋದಲ್ಲಿ ಬರುವಾಗ ಫಿರ್ದೋಸ್, ಸ್ನೇಹಳದ್ದಾ ಎಂದಳು. ನಾನು ರಸ್ತೆ ನೋಡಿದೆ. ಯಾ ಅಲ್ಲಾ ಎಂದು ಉಸಿರು ಬಿಟ್ಟಳು. "ಬುಡು. ನಾನು ಕೇಳ್ನಿಲ್ಲ, ನೀನು ಯೋಳ್ನಿಲ್ಲ."

ಸ್ನೇಹಳಿಗೆ ಮೆಸೇಜು: "ಹೇಳಿದೆ. ನಿನ್ನ ಹೆಸರು ಹೇಳಲಿಲ್ಲ."

12 ಮಾರ್ಚ್, ಬುಧವಾರ

ಯಾರೋ ವಿಡಿಯೋ ಹಾಕಿದ್ದಾರೆ. 'ಮುದ್ದೆ ಎಪಿಸೋಡಿನ ಸುಳ್ಳು ಬಯಲು'. ಕೆಳಗೆ ಕಾಮೆಂಟುಗಳು. ಕಳ್ಳಿ. ಡ್ರಾಮಾ ಕ್ವೀನ್. ಇವಳ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಮುಖ ನೋಡಿದರೇ ಗೊತ್ತಾಗುವುದಾದರೆ ಮೂರು ವರ್ಷ ಏನು ನೋಡುತ್ತಿದ್ದರೋ.

ಅವ್ವನೂ ನೋಡಿದಳು, ತಮ್ಮ ಸಿದ್ದಾರ್ಥನ ಫೋನಿನಲ್ಲಿ. ಊಟಕ್ಕೆ ಕೂತಾಗ ಇನ್ನೊಂದು ಮುದ್ದೆ ಹಾಕಿದಳು. ಬೇಡ ಎಂದರೂ ಹಾಕಿದಳು.

ಸ್ನೇಹ: ನೀಲಿ ಟಿಕ್. ಅಷ್ಟೆ.

29 ಮಾರ್ಚ್, ಶನಿವಾರ

ಲೈಬ್ರರಿಯ ಮೂವರು ಹುಡುಗಿಯರು ಮೂರು ವಾರ ಬಂದಿರಲಿಲ್ಲ. ಇವತ್ತು ಬಂದರು. ಕಪಾಟಿನ ಹಿಂದೆ ಕೂತರು. ಸ್ವಲ್ಪ ಹೊತ್ತಿಗೆ ಭುಜ ಕುಣಿಯತೊಡಗಿತು. ಅದೇ ಎಪಿಸೋಡು. ಅವರಿಗೆ ಬರೆದವಳು ಯಾರಾದರೇನು.

ಬೈಯಲಿಲ್ಲ. ಸೌಂಡು ಕಮ್ಮಿ ಮಾಡಿ ಎಂದೆ.

27 ಏಪ್ರಿಲ್, ಭಾನುವಾರ

ಲಗ್ನಪತ್ರಿಕೆ ಹಂಚುವುದೇ ಕೆಲಸ. ಸಿದ್ದಾರ್ಥನಿಗೆ ಹೆಣ್ಣು ಸಂತೆಬಾಚಹಳ್ಳಿಯದು. ಮೇ ಹದಿನಾಲ್ಕಕ್ಕೆ ಮದುವೆ, ಹದಿನೆಂಟು ಭಾನುವಾರ ಬೀಗರೂಟ, ನಮ್ಮ ಮನೆ ಮುಂದೆ ಚಪ್ಪರ. ಅಕ್ಕ ಇನ್ನೂ ಇರೋವಾಗ ತಮ್ಮಂಗೆ ಮೊದ್ಲು ಮಾಡ್ತಾವ್ರೆ ಎಂದು ಹನ್ನೆರಡು ಮನೆಯಲ್ಲಿ ಕೇಳಿಸಿಕೊಂಡೆ. ಹದಿಮೂರನೇ ಮನೆಯಲ್ಲಿ ನಾನೇ ಮೊದಲು ಹೇಳಿಬಿಟ್ಟೆ. ಅವರ ಬಾಯಿ ಕಟ್ಟಿತು.

ಸ್ನೇಹಳಿಗೆ ಪತ್ರಿಕೆ ಪೋಸ್ಟ್ ಮಾಡಿದೆ. ವಾಟ್ಸಾಪಿನಲ್ಲಿ ಕಳಿಸಲು ಮನಸ್ಸು ಬರಲಿಲ್ಲ. ಮದುವೆಯ ತಾರೀಕಿಗೆ ಗೆರೆ ಎಳೆಯಲಿಲ್ಲ. ಬೀಗರೂಟದ ತಾರೀಕಿಗೆ ಎಳೆದೆ. ಬಾ ಎಂದು ಮಾತ್ರ ಬರೆದೆ. ಬೇರೆ ಏನು ಬರೆದರೂ ಡೈಲಾಗ್ ಆಗುತ್ತಿತ್ತು.

14 ಮೇ, ಬುಧವಾರ

ಮದುವೆ ಆಯಿತು. ಕಾಲು ಬಾತಿದೆ. ಫಿರ್ದೋಸ್ ಬಂದಿದ್ದಳು, ಮದುಮಗಳ ಬ್ಲೌಸ್ ನೋಡಿ ತೋಳು ಸರಿಯಾಗಿ ಕೂತಿಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿದಳು. ಸ್ನೇಹ ಬರಲಿಲ್ಲ. ಪತ್ರಿಕೆ ಸಿಕ್ಕಿತೋ ಇಲ್ಲವೋ.

17 ಮೇ, ಶನಿವಾರ

ಚಪ್ಪರ, ಪಾತ್ರೆ, ಸೌದೆ. ಬಡಿಸುವವರ ಪಟ್ಟಿ ದೊಡ್ಡಪ್ಪನ ಕೈಯಲ್ಲಿ. ನೀನು ಹೆಂಗಸರ ಕಡೆ ಎಲೆಅಡಿಕೆ ನೋಡ್ಕ ಎಂದರು. ಮುದ್ದೆ ಬೇಸಿನ್ನು ನನಗೆ ಬೇಕು ಎಂದೆ. ಕೈ ಸುಟ್ಕಂಡೀಯೆ ಎಂದರು. ಸುಟ್ಟುಕೊಂಡರೆ ಸುಟ್ಟುಕೊಳ್ಳುತ್ತೇನೆ.

18 ಮೇ, ಭಾನುವಾರ. ಮಧ್ಯಾಹ್ನ 2.50

ಒಳಗಿನ ಕೋಣೆಯಲ್ಲಿ ನಿಂತೇ ಬರೆಯುತ್ತಿದ್ದೇನೆ. ಎರಡು ಪಂಕ್ತಿ ಎದ್ದಿದೆ. ಮೂರನೆಯದಕ್ಕೆ ಮುದ್ದೆ ಕಟ್ಟುತ್ತಿದ್ದಾರೆ, ಐದು ನಿಮಿಷ. ಆಮೇಲೆ ಬರೆದರೆ ಚಂದ ಮಾಡಿಬಿಡುತ್ತೇನೆ, ಅದಕ್ಕೇ ಈಗಲೇ.

ಎರಡನೇ ಪಂಕ್ತಿಗೆ ಬಡಿಸುತ್ತಿದ್ದೆ. ಬೀಗರು ಮುದ್ದೆ ಬೇಡ ಅನ್ನುವವರೇ ಇಲ್ಲ. ಬೆನ್ನು ಬಿದ್ದುಹೋಗಿತ್ತು. ಚಪ್ಪರದ ಬಾಗಿಲಲ್ಲಿ ದೊಡ್ಡಪ್ಪ ಯಾರನ್ನೋ ಮಾತಾಡಿಸುವುದು ಕೇಳಿಸಿತು. ರಂಗಸ್ವಾಮಿ ದೊಡ್ಡಪ್ಪನಿಗೆ ಅದೇ ಕೆಲಸ, ಬಂದವರನ್ನೆಲ್ಲ ಕೇಳುವುದು, ಹೆಣ್ಣಿನ ಕಡೆಯವರಾದರೆ ಕೈ ಹಿಡಿದು ಒಳಗೆ ಕರೆದುಕೊಂಡು ಬರುವುದು.

"ಯಾರ್ ಕಡೆಯವ್ರವ್ವಾ?"

ತಲೆ ಎತ್ತಿದೆ. ನೀಲಿ ಸೀರೆ, ಹೆಗಲಲ್ಲಿ ಡ್ಯೂಟಿ ಬ್ಯಾಗು. ಸ್ನೇಹ. ಬಾಗಿಲಲ್ಲಿ ನಿಂತಿದ್ದಾಳೆ. ಎಪಿಸೋಡಿನಲ್ಲಿ ನಿಂತ ಹಾಗೇ, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಅವಳು ದೊಡ್ಡಪ್ಪನನ್ನು ನೋಡಲಿಲ್ಲ. ಪಂಕ್ತಿಯ ಮೇಲಿಂದ ನನ್ನನ್ನೇ ನೋಡಿದಳು, ನನ್ನ ಕೈಯ ಬೇಸಿನ್ನು ನೋಡಿದಳು.

"ರಂಜಿತನ ಕಡೆ" ಎಂದಳು.

ದೊಡ್ಡಪ್ಪನಿಗೆ ತಲೆ ಕೆಟ್ಟಿತು. ಅದ್ಯಾವ ಕಡೆನವ್ವ, ಕುಂಡ್ರುಸ್ಬೇಕೋ ಬಡ್ಸುಕ್ ಬುಡ್ಬೇಕೋ ಎಂದು ಅಲ್ಲಿಂದಲೇ ನನ್ನನ್ನು ಕೇಳಿದರು. ಕೂರಿಸಿ ಎಂದೆ. ಎರಡನೇ ಸಲ ಹೇಳಬೇಕಾಯಿತು. ಬೀಗರ ಜೊತೆಗೇ, ಮೂರನೇ ಪಂಕ್ತಿಯ ಮೊದಲನೇ ಎಲೆ.

ಕೂತಿದ್ದಾಳೆ. ಕಿಟಕಿಯಿಂದ ಕಾಣುತ್ತಿದ್ದಾಳೆ. ಅವ್ವ ಪಕ್ಕ ನಿಂತು ಏನೋ ಕೇಳುತ್ತಿದ್ದಾಳೆ, ಇವಳು ಏನೋ ಹೇಳುತ್ತಿದ್ದಾಳೆ. ಎದ್ದು ಹೋಗಲಿಲ್ಲ. ಎಲೆ ಹಾಕಿದರು. ನೀರು ಚಿಮುಕಿಸಿಕೊಂಡು ಒರೆಸುತ್ತಿದ್ದಾಳೆ.

ಮುದ್ದೆ ಆಯಿತಂತೆ. ಬೇಸಿನ್ನು ಯಾರೂ ಮುಟ್ಟಬೇಡಿ ಎಂದು ಹೇಳಿ ಬಂದಿದ್ದೇನೆ. ಕೂಗುತ್ತಿದ್ದಾರೆ. ಬಂದೆ, ನಾನೇ